ಹಾಲು ಇಳಿಯುವ ಅರಿವೆಯಲ್ಲಿ ಮೊಸರು ಯಾಕೆ ನಿಲ್ಲುತ್ತದೆ? ರಾಡಿ ಸೋಸುವುದರ ಒಳಗುಟ್ಟು

ಮಳೆಗಾಲ ಬಂತೆಂದರೆ ನಮ್ಮ ಕಡೆ ನಳದ ನೀರಿನ ಬಣ್ಣ ಬದಲಾಗುತ್ತದೆ. ಘಟ್ಟದ ಮೇಲೆ ಮಳೆ ಜೋರಾಗಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಕೆಂಪಗೆ ತುಂಬಿ ಹರಿಯುತ್ತವೆ. ಆಗ ಹೊಳೆದಂಡೆಯ ಎಷ್ಟೋ ಊರುಗಳಲ್ಲಿ ಕೊಡಕ್ಕೆ ಬೀಳುವುದೂ ರಾಡಿ ನೀರೇ. ಮನೆಯವರು ನಳದ ಬಾಯಿಗೆ ಹಳೇ ಧೋತರದ ತುಂಡು ಕಟ್ಟುತ್ತಾರೆ. ಕಸಕಡ್ಡಿ, ಮರಳು ಅದರಲ್ಲಿ ನಿಲ್ಲುತ್ತವೆ. ಕೆಂಪು ಬಣ್ಣ ಮಾತ್ರ ಹಾಗೇ ಇಳಿದು ಬರುತ್ತದೆ. ಅರಿವೆಯನ್ನು ಎರಡು ಮಡಿಕೆ ಮಾಡಿ, ನಾಲ್ಕು ಮಡಿಕೆ ಮಾಡಿ, ಅಷ್ಟೇ.

ಇನ್ನೂ ಸಣ್ಣ ತೂತಿನ ಜಾಳಿಗೆ ಹಾಕಿದರೆ ಆಯಿತಲ್ಲ, ಇದರಲ್ಲೇನು ಕಷ್ಟ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಬಹಳ ದಿನ ಹಾಗೇ ಅನಿಸಿತ್ತು. ಆದರೆ ನೀರಿನ ಘಟಕದಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಸೋಸುವ ಕೆಲಸ ಮಾಡುವವರು ತೂತಿನ ಅಳತೆಗಿಂತ ಮೊದಲು ಇನ್ನೊಂದನ್ನು ನೋಡುತ್ತಾರೆ. ನೀರಿನಲ್ಲಿರುವ ಕಣಗಳು ಒಂದನ್ನೊಂದು ತಳ್ಳುತ್ತಿವೆಯೋ, ಹಿಡಿದುಕೊಳ್ಳುತ್ತಿವೆಯೋ? ಸೋಸುವುದು ಸಲೀಸಾಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ.

ಒಂದೇ ಅರಿವೆ, ಎರಡು ನಡತೆ

ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಅಡುಗೆಮನೆ ಸಾಕು. ಬೆಳಗಾವಿ ಕಡೆ ಶ್ರೀಖಂಡ ಮಾಡುವ ಮನೆಗಳಲ್ಲಿ ಮೊಸರನ್ನು ತೆಳುವಾದ ಅರಿವೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ತೂಗುಹಾಕುತ್ತಾರೆ. ನೀರು ಹನಿಹನಿಯಾಗಿ ಇಳಿದು, ಬೆಳಿಗ್ಗೆ ಗಂಟಿನಲ್ಲಿ ಗಟ್ಟಿ ಚಕ್ಕಾ ಉಳಿದಿರುತ್ತದೆ. ಈಗ ಅದೇ ಅರಿವೆಗೆ ಹಾಲು ಸುರಿಯಿರಿ. ಒಂದು ತೊಟ್ಟೂ ನಿಲ್ಲುವುದಿಲ್ಲ.

ಹಾಲಿನಲ್ಲೂ ಮೊಸರಿನಲ್ಲೂ ಇರುವುದು ಅದೇ ಕೇಸಿನ್ ಎಂಬ ಪ್ರೋಟೀನಿನ ಕಣಗಳು. ಒಂದೊಂದು ಕಣ ಮಿಲಿಮೀಟರಿನ ಹತ್ತು ಸಾವಿರದ ಒಂದೆರಡು ಪಾಲಿನಷ್ಟು ಸಣ್ಣದು. ಅರಿವೆಯ ತೂತು ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಹಾಲಿನಲ್ಲಿ ಈ ಕಣಗಳ ಮೈಮೇಲೆ ಋಣ ವಿದ್ಯುತ್ತು ಇರುತ್ತದೆ, ಜೊತೆಗೆ ಕೂದಲಿನಂಥ ಒಂದು ಹೊದಿಕೆಯೂ ಇರುತ್ತದೆ. ಹಾಗಾಗಿ ಅವು ಒಂದನ್ನೊಂದು ದೂರ ಇಡುತ್ತವೆ, ಬಿಡಿಬಿಡಿಯಾಗಿ ತೇಲುತ್ತವೆ. ಹೆಪ್ಪು ಹಾಕಿದಾಗ ಹುಳಿ ಏರುತ್ತದೆ. ಹುಳಿಯನ್ನು ಅಳೆಯುವ ಪಿಎಚ್ (ಹುಳಿ ಏರಿದಂತೆ ಈ ಅಂಕಿ ಇಳಿಯುತ್ತದೆ) 6.6ರ ಸುಮಾರಿನಿಂದ 4.6ರ ಹತ್ತಿರಕ್ಕೆ ಬಂದಾಗ ಆ ವಿದ್ಯುತ್ತು ಇಲ್ಲವಾಗುತ್ತದೆ. ತಳ್ಳುವ ಬಲ ಹೋದ ಮೇಲೆ ಕಣಗಳು ಕೈಕೈ ಹಿಡಿದು ಬಲೆಯಾಗುತ್ತವೆ. ಮೊಸರು ಅಂದರೆ ಆ ಬಲೆಯೇ. ಬಿಡಿ ಕಣ ಅರಿವೆಯಿಂದ ಜಾರಿ ಹೋಗುತ್ತದೆ, ಬಲೆ ಜಾರುವುದಿಲ್ಲ.

ನಾವು ಅರಿವೆ ಬದಲಿಸಲಿಲ್ಲ, ಕಣವನ್ನು ದೊಡ್ಡದು ಮಾಡಲೂ ಇಲ್ಲ. ಅವುಗಳ ನಡುವಿನ ಸಂಬಂಧ ಬದಲಿಸಿದೆವು. ಮುಂದೆ ಹೇಳುವುದೆಲ್ಲ ಇದರದೇ ವಿಸ್ತರಣೆ.

ರಾಡಿ ತಾನಾಗಿ ಯಾಕೆ ತಿಳಿಯಾಗುವುದಿಲ್ಲ?

ಕರಗದ ಘನ ಕಣಗಳು ದ್ರವದಲ್ಲಿ ಬೆರೆತಿರುವುದಕ್ಕೆ ಎಂಜಿನಿಯರುಗಳು ಸ್ಲರಿ ಎನ್ನುತ್ತಾರೆ. ನಮ್ಮ ಮಾತಿನ ರಾಡಿ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಸಕ್ಕರೆ ನೀರು ಸ್ಲರಿಯಲ್ಲ, ಯಾಕೆಂದರೆ ಸಕ್ಕರೆ ಕರಗಿರುತ್ತದೆ. ಸುಣ್ಣದ ಹಾಲು, ಸಗಣಿ ನೀರು, ಹೊಳೆಯ ಕೆಂಪು ನೀರು, ಗ್ರಾನೈಟ್ ಕೊಯ್ಯುವಾಗ ಬರುವ ಬೂದುಬಣ್ಣದ ನೀರು, ಇವೆಲ್ಲ ಸ್ಲರಿಗಳು.

ಮರಳು ಬೇಗ ತಳ ಸೇರುತ್ತದೆ, ಜೇಡಿ ಸೇರುವುದಿಲ್ಲ. ಇದಕ್ಕೊಂದು ಸರಳ ಲೆಕ್ಕವಿದೆ. ಕಣದ ಅಳತೆ ಹತ್ತು ಪಟ್ಟು ಸಣ್ಣದಾದರೆ ಅದು ಮುಳುಗುವ ವೇಗ ನೂರು ಪಟ್ಟು ಇಳಿಯುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟಿರುವ ಸಣ್ಣ ಮರಳು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಒಂದು ಮೈಕ್ರಾನಿನ ಜೇಡಿ ಕಣಕ್ಕೆ ಅದೇ ದೂರ ಇಳಿಯಲು 12–13 ದಿನ ಬೇಕು. ಅದೂ ನೀರು ಒಂದಿಷ್ಟೂ ಅಲುಗಾಡದಿದ್ದರೆ. ಬಿಸಿಲಿಗೆ ನೀರು ಒಳಗೊಳಗೇ ಸುತ್ತುತ್ತದೆ, ನೀರಿನ ಅಣುಗಳು ಕಣವನ್ನು ಎಲ್ಲ ಕಡೆಯಿಂದ ನೂಕುತ್ತಿರುತ್ತವೆ. ಹಾಗಾಗಿ ಅತಿ ಸಣ್ಣ ಕಣ ತಳ ಕಾಣುವುದೇ ಇಲ್ಲ ಎನ್ನಬಹುದು.

ವಿಜಯಪುರದ ಎರೆ ಮಣ್ಣು ಇದರಲ್ಲಿ ಇನ್ನೂ ವಿಶೇಷ. ಅದರ ಜೇಡಿ ದುಂಡಗಿನ ಕಾಳಲ್ಲ, ಅತಿ ತೆಳುವಾದ ಹಾಳೆಗಳು. ಒಂದು ಗ್ರಾಂ ಶುದ್ಧ ಎರೆ ಜೇಡಿಯ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 700 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ 7 ಗುಂಟೆ! ಒಂದು ಗ್ರಾಂ ಸಣ್ಣ ಮರಳಿನ ಮೈ ಎರಡು ಮೂರು ಅಂಗೈಯಷ್ಟು ಮಾತ್ರ ಎನ್ನಬಹುದು. ಮೈ ಇಷ್ಟು ಜಾಸ್ತಿ ಇರುವಾಗ ಮೈಮೇಲಿನ ಬಲಗಳದ್ದೇ ಕಾರುಬಾರು. ತೂಕಕ್ಕೆ ಬೆಲೆಯಿಲ್ಲ.

ತಳ್ಳುವ ಬಲ, ಸೆಳೆಯುವ ಬಲ

ಹಾಗಾದರೆ ಆ ಬಲಗಳು ಯಾವುವು? ಮುಖ್ಯವಾದವು ಎರಡು.

ಒಂದು, ಸೆಳೆತ. ಎಲ್ಲ ವಸ್ತುಗಳೂ ತೀರಾ ಹತ್ತಿರ ಬಂದಾಗ ಒಂದನ್ನೊಂದು ಸೆಳೆಯುತ್ತವೆ. ಇದಕ್ಕೆ ವಾನ್ ಡರ್ ವಾಲ್ಸ್ ಬಲ ಎಂದು ಹೆಸರು. ತುಂಬಾ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಆದರೆ ಹಿಡಿದರೆ ಬಿಡುವುದಿಲ್ಲ.

ಇನ್ನೊಂದು, ತಳ್ಳಾಟ. ಜೇಡಿ ಕಣಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುತ್ತು ಇರುತ್ತದೆ. ಎರಡು ಅಯಸ್ಕಾಂತಗಳ ಒಂದೇ ತುದಿಗಳನ್ನು ಎದುರುಬದುರು ಹಿಡಿದರೆ ಕೈಗೆ ತಿಳಿಯುವ ಆ ನೂಕಾಟವನ್ನು ನೆನಪಿಸಿಕೊಳ್ಳಿ. ಹೆಚ್ಚುಕಡಿಮೆ ಹಾಗೇ. ನೀರಿನಲ್ಲಿ ಕರಗಿದ ಲವಣಗಳ ಧನ ಕಣಗಳು, ಅಂದರೆ ಧನ ಅಯಾನುಗಳು, ಜೇಡಿಯ ಸುತ್ತ ಬಂದು ಮುತ್ತಿಕೊಳ್ಳುತ್ತವೆ. ಬೆಲ್ಲದ ಪೆಂಟೆಗೆ ನೊಣ ಮುತ್ತಿದಂತೆ. ಒಂದೊಂದು ಜೇಡಿ ಕಣವೂ ಇಂಥದೊಂದು ಮೋಡವನ್ನು ಹೊದ್ದುಕೊಂಡೇ ಓಡಾಡುತ್ತದೆ. ಎರಡು ಕಣಗಳ ಮೋಡಗಳು ಒಂದಕ್ಕೊಂದು ತಾಗಿದ ಕೂಡಲೇ ತಳ್ಳಾಟ ಶುರು.

ಇಲ್ಲಿ ಎಲ್ಲವೂ ನಿಂತಿರುವುದು ಈ ಮೋಡದ ದಪ್ಪದ ಮೇಲೆ. ಮೋಡ ದಪ್ಪವಿದ್ದರೆ ಕಣಗಳು ದೂರದಿಂದಲೇ ತಳ್ಳಿಕೊಳ್ಳುತ್ತವೆ, ಸೆಳೆತ ಕೆಲಸ ಮಾಡುವಷ್ಟು ಹತ್ತಿರ ಬರುವುದೇ ಇಲ್ಲ. ನೀರಿನಲ್ಲಿ ಲವಣ ಜಾಸ್ತಿಯಾದಂತೆ ಮೋಡ ಕುಗ್ಗುತ್ತದೆ. ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಉಪ್ಪು ಇದ್ದರೆ ಮೋಡದ ದಪ್ಪ ಒಂದು ನ್ಯಾನೋಮೀಟರ್, ಅಂದರೆ ಮೈಕ್ರಾನಿನ ಸಾವಿರದ ಒಂದು ಪಾಲು. ಉಪ್ಪು ನೂರು ಪಟ್ಟು ಕಡಿಮೆಯಾದರೆ ಮೋಡ ಹತ್ತು ಪಟ್ಟು ಹಿಗ್ಗುತ್ತದೆ. ಮಳೆ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಮಳೆ ಬಿದ್ದ ಹೊಸತರಲ್ಲಿ ರಾಡಿ ಅಷ್ಟು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಸೆಳೆತ, ತಳ್ಳಾಟ ಎರಡನ್ನೂ ಒಂದೇ ಲೆಕ್ಕಕ್ಕೆ ತಂದವರು ಇಬ್ಬರು ಸೋವಿಯತ್ ವಿಜ್ಞಾನಿಗಳು ಮತ್ತು ಇಬ್ಬರು ಡಚ್ ವಿಜ್ಞಾನಿಗಳು. ಡೆರ್ಯಾಗಿನ್ ಮತ್ತು ಲಂಡೌ 1941ರಲ್ಲಿ, ವರ್ವೆ ಮತ್ತು ಓವರ್‌ಬೀಕ್ 1948ರಲ್ಲಿ. ನಾಲ್ವರ ಹೆಸರಿನ ಮೊದಲಕ್ಷರ ಸೇರಿಸಿ ಇದನ್ನು ಡಿಎಲ್‌ವಿಒ ಸಿದ್ಧಾಂತ ಎನ್ನುತ್ತಾರೆ. ಇವತ್ತಿಗೂ ಬಣ್ಣ, ಶಾಯಿ, ಪಿಂಗಾಣಿ, ನೀರು ಶುದ್ಧಿ ಎಲ್ಲದರಲ್ಲೂ ಮೊದಲ ಪಾಠ ಇದೇ.

ನಿಜವಾಗಿ ಸೋಸುವುದು ಅರಿವೆಯಲ್ಲ

ಈಗ ಸೋಸುವುದಕ್ಕೆ ಬರೋಣ. ಚಹಾ ಸೋಸುವಾಗ ಗಮನಿಸಿದ್ದೀರಾ? ಮೊದಲು ಸರ್ರನೆ ಇಳಿಯುತ್ತದೆ. ಪುಡಿ ತುಂಬುತ್ತ ಬಂದಂತೆ ನಿಧಾನವಾಗುತ್ತದೆ. ಕೊನೆಗೆ ನೀರು ಇಳಿಯಬೇಕಾದದ್ದು ಜಾಲರಿಯ ಮೂಲಕವಲ್ಲ, ಅದರ ಮೇಲೆ ಕೂತ ಪುಡಿಯ ಮೂಲಕ.

ಸ್ಲರಿಯಲ್ಲೂ ಹೀಗೇ. ಮೊದಲ ಕೆಲವು ಕ್ಷಣ ಅರಿವೆ ಸೋಸುತ್ತದೆ. ಆಮೇಲೆ ಅದರ ಮೇಲೆ ಕಣಗಳ ಪದರ ಕೂರುತ್ತದೆ. ಇದಕ್ಕೆ ಕೇಕ್ ಎನ್ನುತ್ತಾರೆ. ಅಲ್ಲಿಂದ ಮುಂದೆ ಕೇಕೇ ಫಿಲ್ಟರು, ಅರಿವೆ ಅದಕ್ಕೆ ಆಸರೆ ಅಷ್ಟೇ. ಕೇಕ್ ದಪ್ಪವಾದಂತೆ ತಡೆ ಹೆಚ್ಚುತ್ತದೆ. ಒತ್ತಡ ಒಂದೇ ಸಮನೆ ಇಟ್ಟರೆ, ಎರಡು ಪಟ್ಟು ನೀರು ತೆಗೆಯಲು ನಾಲ್ಕು ಪಟ್ಟು ಹೊತ್ತು ಬೇಕು. ಮೊದಲ 10 ಲೀಟರಿಗೆ 5 ನಿಮಿಷ ಹಿಡಿದರೆ ಮುಂದಿನ 10 ಲೀಟರಿಗೆ 15 ನಿಮಿಷ. ಅದರ ಮುಂದಿನ 10 ಲೀಟರಿಗೆ 25.

ಕೇಕಿನ ತಡೆ ಎಷ್ಟು ಎಂಬುದು ಅದರೊಳಗಿನ ಸಂದುಗಳ ಮೇಲೆ ನಿಂತಿದೆ. ಸಂದಿನ ಅಳತೆ ಹತ್ತು ಪಟ್ಟು ಸಣ್ಣದಾದರೆ ನೀರು ಇಳಿಯುವುದು ನೂರು ಪಟ್ಟು ನಿಧಾನ. ಮರಳಿನ ಮೂಲಕ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಮೊದಲು ಅಳೆದು ನಿಯಮ ಬರೆದವರು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. 1856ರಲ್ಲಿ, ದಿಜಾನ್ ನಗರದ ಕಾರಂಜಿಗಳ ನೀರಿನ ವ್ಯವಸ್ಥೆಯ ಬಗ್ಗೆ ಬರೆಯುವಾಗ.

ಇಲ್ಲಿಗೆ ಎರಡು ಎಳೆಗಳೂ ಕೂಡಿಕೊಂಡವು. ಕಣಗಳು ತಳ್ಳಾಡುತ್ತಿದ್ದರೆ ಅವು ಅರಿವೆಯ ಮೇಲೆ ಒಂದೊಂದಾಗಿ ಬಂದು, ಜಾಗ ಹುಡುಕಿ, ಒತ್ತೊತ್ತಾಗಿ ಕೂರುತ್ತವೆ. ಗಾರೆ ಮೆತ್ತಿದ ಹಾಗೆ. ಸಂದುಗಳು ಇಲ್ಲವೆನ್ನುವಷ್ಟು ಕಿರಿದು. ಅದೇ ಕಣಗಳು ಮೊದಲೇ ಗುಂಪುಗೂಡಿದ್ದರೆ, ಗುಂಪು ಗುಂಪಾಗಿ ಸಡಿಲವಾಗಿ ಕೂರುತ್ತವೆ. ಗುಂಪಿನ ನಡುವೆ ನೀರಿಗೆ ದಾರಿ ಉಳಿಯುತ್ತದೆ. ಜೇಡಿಯ ಹಾಳೆಗಳಂತೂ ಅಂಚಿಗೆ ಮೈ ತಾಗಿಸಿ ಇಸ್ಪೀಟ್ ಎಲೆಯ ಮನೆಯಂತೆ ನಿಲ್ಲುತ್ತವೆ, ಒಳಗೆಲ್ಲ ಖಾಲಿ. ಕಣ ಅದೇ, ಅರಿವೆ ಅದೇ. ಆದರೂ ಸೋಸುವ ವೇಗ ಹತ್ತು ಪಟ್ಟು, ನೂರು ಪಟ್ಟು ಬದಲಾಗಬಹುದು.

ಜಾಸ್ತಿ ಒತ್ತಿದರೆ ಬೇಗ ಇಳಿಯುವುದಿಲ್ಲವೇ? ಮರಳಾದರೆ ಇಳಿಯುತ್ತದೆ. ಮೆತ್ತನೆಯ ಕೇಕಾದರೆ ಹಾಗಲ್ಲ. ಚಕ್ಕಾ ಕಟ್ಟಿದವರಿಗೆ ಇದು ಗೊತ್ತು. ಗಂಟು ಕಟ್ಟಿದ ಕೂಡಲೇ ಜೋರಾಗಿ ಹಿಂಡಿದರೆ ಮೊಸರು ಅರಿವೆಗೆ ಮೆತ್ತಿಕೊಂಡು ನೀರೇ ನಿಂತುಬಿಡುತ್ತದೆ, ಇಲ್ಲವೇ ಮೊಸರೇ ಹೊರಗೆ ಬರುತ್ತದೆ. ಒತ್ತಡ ಹೆಚ್ಚಿದಂತೆ ಅರಿವೆಗೆ ತಾಗಿದ ಭಾಗ ಮೊದಲು ಜಜ್ಜಿಹೋಗಿ ಬಿಗಿಯಾದ ತೊಗಲಿನಂತಾಗುತ್ತದೆ. ತುಂಬಾ ಮೆತ್ತನೆಯ ಕೇಕಿನಲ್ಲಿ ಒತ್ತಡ ಎರಡು ಪಟ್ಟು ಮಾಡಿದರೂ ಹರಿವು ನೂರಕ್ಕೆ ಏಳೆಂಟರಷ್ಟು ಮಾತ್ರ ಏರುವುದುಂಟು. ಪಂಪಿನ ಖರ್ಚು ಸುಮ್ನೆ ಹೋಗುತ್ತದೆ. ಹಾಗಾಗಿಯೇ ನಮ್ಮ ಹಿರಿಯರು ಗಂಟನ್ನು ಹಿಂಡಲಿಲ್ಲ, ತೂಗುಹಾಕಿದರು.

ಕಣಗಳನ್ನು ಕೂಡಿಸುವುದು ಹೇಗೆ

ಮೊದಲ ದಾರಿ, ಲವಣ. ಆದರೆ ಎಲ್ಲ ಲವಣಗಳೂ ಒಂದೇ ಅಲ್ಲ. ಅಡುಗೆ ಉಪ್ಪಿನ ಸೋಡಿಯಂ ಮೇಲೆ ಒಂದು ಧನ ವಿದ್ಯುತ್ತು ಇರುತ್ತದೆ. ಸುಣ್ಣ, ಜಿಪ್ಸಂಗಳ ಕ್ಯಾಲ್ಸಿಯಂ ಮೇಲೆ ಎರಡು. ಪಟಿಕದ ಅಲ್ಯೂಮಿನಿಯಂ ಮೇಲೆ ಮೂರು. ಒಂದು, ಎರಡು, ಮೂರು ಎಂದರೆ ಶಕ್ತಿಯೂ ಅದೇ ಪ್ರಮಾಣದಲ್ಲಿ ಏರಬೇಕಲ್ಲವೇ? ಇಲ್ಲ. ಸಿದ್ಧಾಂತದ ಲೆಕ್ಕದಲ್ಲಿ, ಸೋಡಿಯಂ 729 ಪಾಲು ಬೇಕಾದ ಕಡೆ ಕ್ಯಾಲ್ಸಿಯಂ 11 ಪಾಲು ಸಾಕು, ಅಲ್ಯೂಮಿನಿಯಂ ಬರೀ 1 ಪಾಲು. ನಿಜದಲ್ಲಿ ಅಂಕಿಗಳು ಅತ್ತಿತ್ತ ಆಗುತ್ತವೆ, ಆದರೆ ಅಂತರ ಇಂಥ ದೊಡ್ಡದೇ. 1882ರಲ್ಲಿ ಷುಲ್ಜೆ, 1900ರಲ್ಲಿ ಹಾರ್ಡಿ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗದಿಂದ ಕಂಡುಕೊಂಡರು. ಪಟಿಕದ ಹರಳನ್ನು ಕೊಡದ ನೀರಿನಲ್ಲಿ ಎರಡು ಮೂರು ಸುತ್ತು ತಿರುಗಿಸಿ ತೆಗೆಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಅಷ್ಟರಿಂದಲೇ ನೀರು ತಿಳಿಯಾಗುತ್ತಿದ್ದದ್ದು ಈ ಮೂರರ ಬಲದಿಂದ.

ಪಟಿಕ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನೀರಿನಲ್ಲಿ ಕರಗಿ, ಅಂಟಂಟಾದ ಬಿಳಿ ಪದಾರ್ಥವಾಗಿ ಮರಳಿ ಹೊರಬರುತ್ತದೆ. ಅದು ಬಲೆಯಂತೆ ಇಳಿಯುತ್ತ ದಾರಿಯಲ್ಲಿ ಸಿಕ್ಕ ಕಣಗಳನ್ನೆಲ್ಲ ಬಾಚಿಕೊಂಡು ಹೋಗುತ್ತದೆ.

ಎರಡನೇ ದಾರಿ, ಉದ್ದನೆಯ ಎಳೆಯಂಥ ಅಣುಗಳು. ಒಂದೇ ಎಳೆ ಹಲವು ಕಣಗಳಿಗೆ ಅಂಟಿ, ಮಲ್ಲಿಗೆ ಹೂ ಪೋಣಿಸಿದಂತೆ ಅವನ್ನು ಕಟ್ಟುತ್ತದೆ. ಕಾರ್ಖಾನೆಗಳಲ್ಲಿ ಪಾಲಿಅಕ್ರಿಲಮೈಡ್ ಎಂಬ ಪಾಲಿಮರ್ ಬಳಸುತ್ತಾರೆ. ಹೀಗೆ ಕಟ್ಟಿದ ಗುಂಪಿಗೆ ಫ್ಲಾಕ್ ಎನ್ನುತ್ತಾರೆ. ಉಣ್ಣೆಯ ಎಳೆಗೊಂಚಲು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ನೀರಿನಲ್ಲಿ ತೇಲುವಾಗ ಅದು ಥೇಟ್ ಹಿಂಜಿದ ಅರಳೆಯಂತೆ ಕಾಣುತ್ತದೆ. ಹಾಗಾಗಿ ಮುಂದೆ ನಾನು ಅರಳೆ ಎಂದೇ ಕರೆಯುತ್ತೇನೆ.

ಗಿಡಮರಗಳಲ್ಲೂ ಇಂಥ ಗುಣವಿದೆ. ನುಗ್ಗೆ ಬೀಜದ ಪುಡಿಯಲ್ಲಿ ಧನ ವಿದ್ಯುತ್ತಿನ ಪ್ರೋಟೀನು ಇದೆ, ಅದು ಜೇಡಿಯನ್ನು ಹಿಡಿಯುತ್ತದೆ. ಚಿಲ್ಲದ ಬೀಜವನ್ನು ತೇಯ್ದು ನೀರಿಗೆ ಹಾಕುವುದು ಹಳೆಯ ಕಾಲದಿಂದ ಬಂದ ರೂಢಿ. ಮುಧೋಳ, ಮಹಾಲಿಂಗಪುರ ಕಡೆಯ ಬೆಲ್ಲದ ಗಾಣಗಳ ವಿಷಯಕ್ಕೆ ಬಂದರೆ, ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕುವುದು ಬೆಲ್ಲ ಮಾಡುವವರ ಹಳೆಯ ಪದ್ಧತಿ. ಲೋಳೆಯ ಉದ್ದನೆಯ ಅಣುಗಳು ಹೊಲಸನ್ನು ಕಟ್ಟಿಕೊಂಡು ನೊರೆಯಾಗಿ ಮೇಲೆ ಬರುತ್ತವೆ, ಜಾಲರಿ ಸೌಟಿನಿಂದ ತೆಗೆದು ಚೆಲ್ಲಬಹುದು.

ಇಲ್ಲಿ ಎರಡು ಎಚ್ಚರ ಬೇಕು. ಮದ್ದು ಜಾಸ್ತಿಯಾದರೆ ಕೆಲಸ ಕೆಡುತ್ತದೆ. ಋಣವಿದ್ದ ಕಣಕ್ಕೆ ಧನ ಹೆಚ್ಚಾಗಿ ಮೆತ್ತಿದರೆ ಎಲ್ಲ ಕಣಗಳೂ ಧನವಾಗಿ ಮತ್ತೆ ತಳ್ಳಾಟ ಶುರುವಾಗುತ್ತದೆ. ಪಾಲಿಮರ್ ಜಾಸ್ತಿಯಾದರೆ ಕಣದ ಮೈಯೆಲ್ಲ ಎಳೆಯಿಂದ ಮುಚ್ಚಿ, ಇನ್ನೊಂದು ಕಣಕ್ಕೆ ಕೈ ಚಾಚಲು ಜಾಗವೇ ಇರುವುದಿಲ್ಲ. ಎರಡನೆಯದು, ಕಲಕುವ ರೀತಿ. ಮದ್ದು ಹಾಕಿದಾಗ ಜೋರಾಗಿ ಕಲಕಬೇಕು, ಎಲ್ಲ ಕಡೆ ಹರಡಲಿ ಎಂದು. ಆಮೇಲೆ ಮೆಲ್ಲಗೆ, ಅರಳೆ ಬೆಳೆಯಲಿ ಎಂದು. ಬೆಳೆದ ಅರಳೆಯನ್ನು ಜೋರು ಪಂಪಿಗೆ ಕೊಟ್ಟರೆ ಚೂರಾಗುತ್ತದೆ. ಹೆಪ್ಪಾದ ಮೊಸರಿಗೆ ಕಡಗೋಲು ಹಾಕಿದ ಹಾಗೆ.

ನೀರಿನ ಘಟಕದ ಮರಳು

ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ನೀರು ಬರುತ್ತದೆ. ಇಂಥ ನೀರನ್ನು ಮನೆಗೆ ಬಿಡುವ ಮೊದಲು ಘಟಕಗಳಲ್ಲಿ ಸಾಮಾನ್ಯವಾಗಿ ಮಾಡುವ ಕೆಲಸದ ಸಾಲು ಇಷ್ಟು: ಪಟಿಕ ಹಾಕಿ ಒಂದು ನಿಮಿಷದೊಳಗೆ ಜೋರಾಗಿ ಬೆರೆಸುವುದು, ಅರ್ಧ ಗಂಟೆ ನಿಧಾನ ಕಲಕುವುದು, ಕೆಲವು ಗಂಟೆ ತಂಗಲು ಬಿಡುವುದು, ಮರಳಿನ ಹಾಸಿನಲ್ಲಿ ಇಳಿಸುವುದು, ಕೊನೆಗೆ ಕ್ಲೋರಿನ್.

ಮರಳಿನ ಹಾಸು ನನಗೆ ಯಾವತ್ತೂ ಅಚ್ಚರಿಯ ವಿಷಯ. ಕಾಳುಗಳು ಅರ್ಧ ಮಿಲಿಮೀಟರಿನವು, ನಡುವಿನ ಸಂದು ಸುಮಾರು 100 ಮೈಕ್ರಾನ್. ಹಿಡಿಯಬೇಕಾದ ಜೇಡಿ 1 ಮೈಕ್ರಾನಿನದು. ಊರಿನ ಅಗಸೆ ಬಾಗಿಲಲ್ಲಿ ಇಲಿ ಮರಿ ಹಾದುಹೋದಂತೆ ಹೋಗಬೇಕಿತ್ತು. ಹೋಗುವುದಿಲ್ಲ, ಯಾಕೆಂದರೆ ಪಟಿಕದಿಂದ ವಿದ್ಯುತ್ತು ಕಳೆದುಕೊಂಡ ಕಣ ಮರಳಿನ ಕಾಳಿಗೆ ತಾಗಿದ ಕೂಡಲೇ ಅಂಟಿಕೊಳ್ಳುತ್ತದೆ. ಪಟಿಕದ ಪ್ರಮಾಣ ತಪ್ಪಿದ ದಿನ ಅದೇ ಹಾಸು, ಅದೇ ಮರಳು ಇದ್ದರೂ ರಾಡಿ ದಾಟಿ ಬರುತ್ತದೆ. ಹೊಳೆಯ ನೀರು ದಿನದಿನಕ್ಕೂ ಬದಲಾಗುವುದರಿಂದ ಘಟಕದವರು ಸಾಲಾಗಿ ಆರೇಳು ಜಾಡಿ ಇಟ್ಟು, ಒಂದೊಂದಕ್ಕೆ ಒಂದೊಂದು ಪ್ರಮಾಣದ ಪಟಿಕ ಹಾಕಿ, ಯಾವುದು ಚೆನ್ನಾಗಿ ತಿಳಿಯಾಯಿತು ಎಂದು ನೋಡುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಕಲಕು 1 ಎನ್‌ಟಿಯು ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 5ರವರೆಗೆ ನಡೆಯುತ್ತದೆ. ಎನ್‌ಟಿಯು ಅಂದರೆ ನೀರಿನಲ್ಲಿ ಬೆಳಕು ಎಷ್ಟು ಚದುರುತ್ತದೆ ಎಂಬ ಅಳತೆ.

ಸಕ್ಕರೆ ಕಾರ್ಖಾನೆಯಲ್ಲಿ

ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಹಂಗಾಮು ಶುರುವಾದರೆ ಈ ವಿಜ್ಞಾನ ದಿನದ ಇಪ್ಪತ್ನಾಲ್ಕು ತಾಸೂ ದುಡಿಯುತ್ತದೆ. ಕಬ್ಬು ಅರೆದಾಗ ಬರುವ ಹಾಲು ಕಂದು ಹಸಿರು ಬಣ್ಣದ ರಾಡಿ. ಅದರಲ್ಲಿ ಹೊಲದ ಮಣ್ಣು, ನಾರಿನ ಪುಡಿ, ಮೇಣ, ಪ್ರೋಟೀನು, ಅಂಟು ಎಲ್ಲ ಇರುತ್ತದೆ. ಪಿಎಚ್ 5ರಿಂದ 5.5ರ ನಡುವೆ. ಇದಕ್ಕೆ ಸುಣ್ಣದ ಹಾಲು ಮತ್ತು ಗಂಧಕ ಸುಟ್ಟ ಹೊಗೆ ಕೊಟ್ಟು ಪಿಎಚ್ 7ರ ಹತ್ತಿರ ತರುತ್ತಾರೆ, ಕುದಿಯುವಷ್ಟು ಕಾಯಿಸುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಕಬ್ಬಿನಲ್ಲೇ ಇರುವ ಫಾಸ್ಫೇಟಿನ ಜೊತೆ ಸೇರಿ ಅರಳೆಯಾಗುತ್ತದೆ, ಹೊಲಸನ್ನೆಲ್ಲ ಹಿಡಿದು ತಳಕ್ಕೆ ಒಯ್ಯುತ್ತದೆ. ಕಬ್ಬಿನಲ್ಲಿ ಫಾಸ್ಫೇಟ್ ಕಡಿಮೆ ಇದ್ದರೆ ಹೊರಗಿನಿಂದ ಫಾಸ್ಫಾರಿಕ್ ಆಮ್ಲ ಸೇರಿಸುವುದೂ ಉಂಟು. ಮೇಲಿನ ತಿಳಿ ಹಾಲು ಸಕ್ಕರೆಯಾಗಲು ಮುಂದೆ ಹೋಗುತ್ತದೆ.

ಕೆಳಗುಳಿದ ಕೆಸರನ್ನು ಚೆಲ್ಲುವಂತಿಲ್ಲ, ಅದರೊಳಗೆ ಇನ್ನೂ ಸಕ್ಕರೆಯ ಹಾಲಿದೆ. ಅದನ್ನು ಹೀರಲು ದೊಡ್ಡ ಉರುಳೆಯೊಂದು ನಿಧಾನ ತಿರುಗುತ್ತಿರುತ್ತದೆ. ಮೈತುಂಬ ಸಣ್ಣ ತೂತು, ಒಳಗಿನಿಂದ ನಿರ್ವಾತದ ಎಳೆತ. ಆದರೆ ಈ ಕೆಸರು ಮೇಣ, ಅಂಟುಗಳಿಂದ ಜಿಗುಟಾಗಿರುತ್ತದೆ. ಹಾಗೇ ಕೊಟ್ಟರೆ ಎಳೆತಕ್ಕೆ ಜಜ್ಜಿಕೊಂಡು ತೂತು ಮುಚ್ಚುತ್ತದೆ. ಅದಕ್ಕೇ ಅರೆದ ಕಬ್ಬಿನ ಸಿಪ್ಪೆಯ ಸಣ್ಣ ಪುಡಿಯನ್ನು ಬೆರೆಸುತ್ತಾರೆ, ಅದಕ್ಕೆ ಬಗ್ಯಾಸಿಲೊ ಎನ್ನುತ್ತಾರೆ. ಮಣ್ಣಿನ ಗೋಡೆ ಕಟ್ಟುವಾಗ ಹುಲ್ಲು ಬೆರೆಸುತ್ತಿದ್ದರಲ್ಲ, ಹಾಗೆ ಇಲ್ಲಿ ನಾರು ಕೇಕಿಗೆ ಎಲುಬಾಗುತ್ತದೆ, ನೀರಿಗೆ ದಾರಿ ಉಳಿಸುತ್ತದೆ. ಮೇಲಿನಿಂದ ಬಿಸಿನೀರು ಸಿಂಪಡಿಸಿ ಉಳಿದ ಸಕ್ಕರೆಯನ್ನೂ ತೊಳೆದು, ಕೊನೆಗೆ ಕೆರೆದು ತೆಗೆಯುತ್ತಾರೆ. ಅದೇ ರೈತರು ಹೊಲಕ್ಕೆ ಒಯ್ಯುವ ಪ್ರೆಸ್‌ಮಡ್. 100 ಕೆಜಿ ಕಬ್ಬಿಗೆ 3–4 ಕೆಜಿ ಬರುತ್ತದೆ.

ಅರಳೆಗೂ ಒಂದು ಕೊರತೆ ಇದೆ, ಹೇಳಲೇಬೇಕು. ಅದು ಬೇಗ ಸೋಸುತ್ತದೆ, ಆದರೆ ತನ್ನ ಹೊಟ್ಟೆಯಲ್ಲಿ ದ್ರವ ಉಳಿಸಿಕೊಳ್ಳುತ್ತದೆ. ಅದೇ ಕಾರಣಕ್ಕೆ ತೊಳೆಯುವ ಕೆಲಸಕ್ಕೆ ಅಷ್ಟು ಮಹತ್ವ. ತೀರಾ ದೊಡ್ಡ, ತೀರಾ ಸಡಿಲ ಅರಳೆ ಮಾಡಿದರೆ ಕೇಕ್ ಒದ್ದೆಯಾಗಿಯೇ ಉಳಿದು ಸಕ್ಕರೆ ಅದರೊಂದಿಗೆ ಹೋಗುತ್ತದೆ. ವೇಗ ಬೇಕೋ, ಒಣ ಕೇಕ್ ಬೇಕೋ ಎಂಬ ತೂಗಾಟ ಸ್ಲರಿ ಸೋಸುವ ಎಲ್ಲ ಕಡೆಯೂ ಇದೆ.

ಕಬ್ಬು ಕಡಿದ ಮೇಲೆ ಗದ್ದೆಯಲ್ಲೋ ಗೇಟಿನ ಮುಂದೆ ಟ್ರಾಕ್ಟರ್ ಸಾಲಿನಲ್ಲೋ ದಿನಗಟ್ಟಲೆ ನಿಂತರೆ ತೂಕ ಇಳಿಯುತ್ತದೆ ಎಂಬುದು ರೈತರಿಗೆಲ್ಲ ಗೊತ್ತು. ಇನ್ನೊಂದು ಕೇಡೂ ಆಗುತ್ತದೆ. ಹಳಸಿದ ಕಬ್ಬಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಡೆಕ್ಸ್‌ಟ್ರಾನ್ ಎಂಬ ಲೋಳೆ ಮಾಡುತ್ತವೆ. ಹಾಲು ಮಂದವಾಗುತ್ತದೆ, ಕೆಸರು ಇಳಿಯುವುದು ತಡವಾಗುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೆಂಡೆಯ ಲೋಳೆ ಹೊಲಸನ್ನು ಕಟ್ಟಿ ಉಪಕಾರ ಮಾಡಿದರೆ ಈ ಲೋಳೆ ದಾರಿಯನ್ನೇ ಕಟ್ಟುತ್ತದೆ.

ಬೆಳಗಾವಿಯ ಯಮನಾಪುರದಲ್ಲಿರುವ ಅಲ್ಯೂಮಿನಾ ಕಾರ್ಖಾನೆಯದು ಇದೇ ಕಥೆಯ ಇನ್ನೊಂದು ರೂಪ. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಲ್ಯೂಮಿನಾ ತೆಗೆದ ಮೇಲೆ ಕೆಂಪು ಕೆಸರು ಉಳಿಯುತ್ತದೆ. ಕಬ್ಬಿಣದ ತುಕ್ಕಿನಂಥ ಅತಿ ಸಣ್ಣ ಕಣಗಳು. ಇವನ್ನು ಕೂಡಿಸಲು ಈ ಉದ್ಯಮದಲ್ಲಿ ಮೊದಲು ಪಿಷ್ಟ ಬಳಸುತ್ತಿದ್ದರು, ಈಗ ಹೆಚ್ಚಾಗಿ ಪಾಲಿಮರ್.

ಹೊಲವೂ ಒಂದು ಫಿಲ್ಟರು

ಇಲ್ಲಿಯವರೆಗೆ ನೀರಿನಲ್ಲಿ ತೇಲುವ ಮಣ್ಣಿನ ಮಾತಾಯಿತು. ನೆಲದಲ್ಲಿರುವ ಮಣ್ಣಿಗೂ ಇದೇ ನಿಯಮ. ಕಾಲುವೆ ನೀರು ಬಂದ ಎಷ್ಟೋ ಕಡೆ, ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಎರೆ ಹೊಲಗಳಲ್ಲಿ, ಸವಳು-ಜವಳಿನ ಕಾಟ ಯಾರಿಗೆ ಗೊತ್ತಿಲ್ಲ? ಮಳೆ ಬಂದರೆ ನೀರು ಇಂಗುವುದೇ ಇಲ್ಲ, ಒಣಗಿದರೆ ಕಲ್ಲು.

ಎರೆ ಮಣ್ಣಿನ ಜೇಡಿಯ ಮೈಯನ್ನು ಕ್ಯಾಲ್ಸಿಯಂ ಮುತ್ತಿಕೊಂಡಿದ್ದರೆ ಮೋಡ ತೆಳುವಾಗಿರುತ್ತದೆ. ಕಣಗಳು ಅರಳೆಗೂಡಿ ಹೆಂಟೆಯಾಗಿರುತ್ತವೆ, ಸಂದಿನಲ್ಲಿ ನೀರು ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಆ ಜಾಗವನ್ನು ಸೋಡಿಯಂ ಹಿಡಿದುಕೊಂಡರೆ ಮೋಡ ಹಿಗ್ಗುತ್ತದೆ, ಹೆಂಟೆ ಒಡೆಯುತ್ತದೆ. ಬಿಡಿಯಾದ ಜೇಡಿ ಸಂದುಗಳಿಗೆ ಹೋಗಿ ಮೆತ್ತಿಕೊಳ್ಳುತ್ತದೆ. ಫಿಲ್ಟರ್ ಕಟ್ಟಿಕೊಂಡಿತು. ಮಣ್ಣು ಹಿಡಿದುಕೊಂಡ ಒಟ್ಟು ಧನ ಅಯಾನುಗಳಲ್ಲಿ ಸೋಡಿಯಂ ಪಾಲು ನೂರಕ್ಕೆ 15 ದಾಟಿದರೆ ಅದನ್ನು ಕ್ಷಾರ ಮಣ್ಣು ಎಂದು ಲೆಕ್ಕ ಹಿಡಿಯುತ್ತಾರೆ. ಪಿಎಚ್ ಸಾಮಾನ್ಯವಾಗಿ 8.5ರ ಮೇಲಿರುತ್ತದೆ.

ಜಿಪ್ಸಂ ಹಾಕಿ ಎಂದು ಕೃಷಿ ತಜ್ಞರು ಹೇಳುವುದು ಇದಕ್ಕೇ. ಜಿಪ್ಸಂನಲ್ಲಿರುವುದು ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಜೇಡಿಯ ಮೈಯಿಂದ ಸೋಡಿಯಂ ಎಬ್ಬಿಸಿ ತಾನು ಕೂರುತ್ತದೆ. ಎಬ್ಬಿಸಿದ ಸೋಡಿಯಂ ಹೊರಹೋಗಲು ಬಸಿಗಾಲುವೆ ಬೇಕು, ಇಲ್ಲವಾದರೆ ಮತ್ತೆ ಅಲ್ಲೇ ಬಂದು ಕೂರುತ್ತದೆ.

ಬಹಳ ಜನರಿಗೆ ಗೊಂದಲ ಮಾಡುವ ಒಂದು ವಿಷಯ ಇಲ್ಲಿದೆ. ಲವಣ ತುಂಬಿದ ಹೊಲದಲ್ಲಿ ಬೆಳೆ ಬಾರದಿದ್ದರೂ ನೀರು ಒಮ್ಮೊಮ್ಮೆ ಚೆನ್ನಾಗಿಯೇ ಇಂಗುತ್ತದೆ. ಲವಣವೇ ಕಣಗಳನ್ನು ಕೂಡಿಸಿ ಹಿಡಿದಿರುತ್ತದೆ. ಜೇಡಿಯ ಮೈಮೇಲೆ ಸೋಡಿಯಂ ಜಾಸ್ತಿ ಇರುವ ಇಂಥ ಹೊಲಕ್ಕೆ ಬರೀ ಸಿಹಿನೀರು ಹಾಯಿಸಿ ತೊಳೆದರೆ ಲವಣ ಹೋಗುತ್ತದೆ, ಸೋಡಿಯಂ ಉಳಿಯುತ್ತದೆ. ಹೊಲ ದಿಢೀರನೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲು ಮಣ್ಣು ಪರೀಕ್ಷೆ, ಬೇಕಿದ್ದರೆ ಜಿಪ್ಸಂ, ಆಮೇಲೆ ತೊಳೆಯುವುದು. ಈ ಕ್ರಮ ತಪ್ಪಬಾರದು.

ಮನೆಯಲ್ಲೇ ನೋಡಬೇಕೆಂದರೆ

ನಾಲ್ಕು ಗಾಜಿನ ಲೋಟ ತೆಗೆದುಕೊಳ್ಳಿ. ಹಿಡಿಯಷ್ಟು ಎರೆ ಮಣ್ಣನ್ನು ಮಳೆ ನೀರಿನಲ್ಲಿ, ಇಲ್ಲದಿದ್ದರೆ ಆರ್‌ಒ ನೀರಿನಲ್ಲಿ, ಚೆನ್ನಾಗಿ ಕಲಕಿ. ಐದು ನಿಮಿಷ ಬಿಟ್ಟು, ಮೇಲಿನ ರಾಡಿಯನ್ನು ನಾಲ್ಕರಲ್ಲೂ ಸಮನಾಗಿ ಹಾಕಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒಂದು ಚಮಚ ಉಪ್ಪು. ಮೂರನೆಯದಕ್ಕೆ ಒಂದು ಚಿಟಿಕೆ ಜಿಪ್ಸಂ, ಸಿಗದಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ನಾಲ್ಕನೆಯದಕ್ಕೆ ಪಟಿಕದ ಹರಳನ್ನು ಒಂದೆರಡು ಸುತ್ತು. ಜೋರಾಗಿ ಒಮ್ಮೆ, ಮೆಲ್ಲಗೆ ಹತ್ತಾರು ಸಲ ಕಲಕಿ ಬಿಟ್ಟುಬಿಡಿ. ಪಟಿಕದ ಲೋಟದಲ್ಲಿ ಸ್ವಲ್ಪ ಹೊತ್ತಿಗೇ ಅರಳೆ ಕಣ್ಣಿಗೆ ಕಾಣಬೇಕು. ಮಕ್ಕಳನ್ನು ಕೂರಿಸಿಕೊಂಡು ನೋಡಿ. ಆಮೇಲೆ ಮೊದಲನೆಯದನ್ನೂ ನಾಲ್ಕನೆಯದನ್ನೂ ಒಂದೇ ಅರಿವೆಯ ಎರಡು ತುಂಡುಗಳಲ್ಲಿ ಸೋಸಿ.

ಇನ್ನು ನಳದಲ್ಲಿ ರಾಡಿ ನೀರು ಬಂದ ದಿನ, ನಳದ ಬಾಯಿಗೆ ಅರಿವೆ ಕಟ್ಟುವ ಮೊದಲು ನೀರನ್ನು ಪಾತ್ರೆಗೆ ಹಿಡಿದು ಪಟಿಕ ತಿರುಗಿಸಿ. ಮೆಲ್ಲಗೆ ಕಲಕಿ, ಕೆಲವು ತಾಸು ಮುಚ್ಚಿಡಿ. ಪಾತ್ರೆ ಅಲುಗಾಡದಂತೆ ಮೇಲಿನ ತಿಳಿಯನ್ನು ಬೇರೆ ಮಾಡಿ, ಅದನ್ನು ಸೋಸಿ. ಪಟಿಕ ಜಾಸ್ತಿ ಬೇಡ, ಬಾಯಿಗೆ ಒಗರು ತಾಗಿದರೆ ಹೆಚ್ಚಾಯಿತು ಎಂದೇ ಅರ್ಥ. ತಿಳಿಯಾದ ನೀರಿನಲ್ಲೂ ರೋಗಾಣು ಇರಬಹುದು, ಹಾಗಾಗಿ ಕಡೆಗೆ ಕುದಿಸಿ ಆರಿಸಿಯೇ ಕುಡಿಯಿರಿ. ಪಾತ್ರೆಯ ತಳದಲ್ಲಿ ಉಳಿದ ಕೆಸರು ನೀರನ್ನು ಬಚ್ಚಲಿಗೆ ಸುರಿಯಬೇಡಿ, ಕೊಳವೆಯಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಹಿತ್ತಲಿನ ಮೂಲೆಗೆ ಚೆಲ್ಲಿ.